ಒಂದೇ ಕನಸು ಮತ್ತೆ ಮತ್ತೆ ಬೀಳುವುದು ಯಾಕೆ?

ಯಾರೋ ಅಟ್ಟಿಸಿಕೊಂಡು ಬರುತ್ತಾರೆ, ಓಡೋಣ ಅಂದರೆ ಕಾಲೇ ಏಳುವುದಿಲ್ಲ, ವರ್ಷಗಳಿಂದ ಇದೇ ಕನಸು, ಇದು ಕೆಟ್ಟದ್ದರ ಸೂಚನೆಯಾ ಅಂತ ಕೇಳಿದ್ದೀರಿ. ಮೊದಲು ಆ ಭಯ ಬಿಡಿ. ಮುಂದೆ ಆಗುವುದನ್ನು ಕನಸು ಹೇಳುವುದಿಲ್ಲ.

ನನ್ನದು ಪರೀಕ್ಷೆಯ ಕನಸು. ಪ್ರಶ್ನೆಪತ್ರಿಕೆ ಕೈಗೆ ಬರುತ್ತದೆ, ಓದಲು ಹೋದರೆ ಅಕ್ಷರಗಳು ಜರುಗುತ್ತವೆ, ಪೆನ್ನು ಎಷ್ಟು ಗೀಚಿದರೂ ಮೂಡುವುದಿಲ್ಲ, ಪಕ್ಕದವನು ಆಗಲೇ ಎದ್ದು ನಿಂತು ಇನ್ನೊಂದು ಹಾಳೆ ಕೇಳುತ್ತಿದ್ದಾನೆ. ಓದು ಮುಗಿಸಿ 15 ವರ್ಷವಾದ ಮೇಲೂ ಬೆವತು ಎದ್ದು ಕೂರುತ್ತಿದ್ದೆ. ಸ್ವಪ್ನಫಲದ ಪುಸ್ತಕಗಳನ್ನೂ ನೋಡಿದೆ. ಒಂದರಲ್ಲಿ ಶುಭ ಅಂತಿತ್ತು, ಇನ್ನೊಂದರಲ್ಲಿ ಅಶುಭ. ಆಮೇಲೆ ಸುಮ್ನೆ ಕನಸು ಬಿದ್ದ ತಾರೀಖು, ಹಿಂದಿನ ದಿನ ಏನಾಗಿತ್ತು ಅಂತ ಬರೆದಿಡಲು ಶುರುಮಾಡಿದೆ. ಕೆಲವೇ ತಿಂಗಳಲ್ಲಿ ಗೊತ್ತಾಯಿತು, ನಾನು ಮಾಡಿದ ಕೆಲಸವನ್ನು ಯಾರಾದರೂ ಪರಿಶೀಲಿಸುವುದಿದ್ದರೆ ಆ ವಾರ ಪರೀಕ್ಷೆ ಗ್ಯಾರಂಟಿ! ಹಾಗಾಗಿ ನನಗನಿಸುವುದು, ಕನಸಿನ ಚಿತ್ರಕ್ಕಿಂತ ಅದರೊಳಗಿನ ಭಾವನೆ ಮುಖ್ಯ. ಅಟ್ಟಿಸಿಕೊಂಡು ಬರುವವರು ಯಾರು ಅಂತ ತಲೆ ಕೆಡಿಸಿಕೊಳ್ಳಬೇಡಿ, ಎಚ್ಚರವಿದ್ದಾಗ ಯಾವ ವಿಷಯದಿಂದ ತಪ್ಪಿಸಿಕೊಳ್ಳುತ್ತಿದ್ದೀರಿ ನೋಡಿ.

ಕಾಲು ಏಳದಿರುವುದಕ್ಕೆ ದೇಹದ ಕಾರಣವೂ ಇರಬಹುದು. ನಿದ್ದೆಯಲ್ಲಿ ರೆಮ್ ಅನ್ನುವ ಹಂತವಿದೆ, 1953ರಲ್ಲಿ ಅದರ ಬಗ್ಗೆ ಮೊದಲು ವರದಿಯಾಯಿತು. ಎದ್ದ ಮೇಲೂ ಕಣ್ಣಿಗೆ ಕಟ್ಟಿದಂತಿರುವ ಕನಸುಗಳು ಜಾಸ್ತಿ ಬೀಳುವುದು ಆಗಲೇ, ಆ ಹೊತ್ತಿನಲ್ಲಿ ಕೈಕಾಲು ಆಡದಂತೆ ಮೆದುಳೇ ತಡೆದಿರುತ್ತದೆ. ಬೆಳಗಿನ ಜಾವ ಈ ಹಂತ ಉದ್ದವಾಗುತ್ತದೆ, ಅದಕ್ಕೇ ಆಗ ಬಿದ್ದ ಕನಸು ನೆನಪಿರುತ್ತದೆ.

ನನಗೆ ಹೆಚ್ಚು ಉಪಯೋಗವಾಗಿದ್ದು ಇಮೇಜರಿ ರಿಹರ್ಸಲ್ ಅನ್ನುವ ಅಭ್ಯಾಸ. ಚಿಕಿತ್ಸಕರು ದುಃಸ್ವಪ್ನಕ್ಕೆ ಇದನ್ನು ಹೇಳಿಕೊಡುತ್ತಾರೆ. ಹಗಲು ಹೊತ್ತಿನಲ್ಲಿ ಕನಸನ್ನು ಬರೆದು, ಅದನ್ನು ನಮಗೆ ಬೇಕಾದಂತೆ ಬದಲಿಸಿ, ಆ ಹೊಸ ಕಥೆಯನ್ನು ದಿನಾ ಹತ್ತಿಪ್ಪತ್ತು ನಿಮಿಷ ಕಣ್ಮುಚ್ಚಿ ನೋಡಬೇಕು. ನಾನು ಪೆನ್ನು ಕೆಳಗಿಟ್ಟು ಎದ್ದು ಬಾಗಿಲು ತೆಗೆದು ಹೊರಗೆ ಹೋಗುವುದನ್ನು ನೋಡುತ್ತಿದ್ದೆ. ಕೆಲವು ವಾರ ಹಿಡಿಯಿತು, ಆದರೆ ಕನಸು ನಿಜವಾಗಿಯೂ ಕಡಿಮೆಯಾಯಿತು. ನೀವು ತಿರುಗಿ ನಿಂತು 'ಏನು ಬೇಕು?' ಅಂತ ಕೇಳಬಹುದು ಅಲ್ವಾ?

ನಿಜವಾಗಿ ನಡೆದ ಯಾವುದೋ ಕೆಟ್ಟ ಘಟನೆಯೇ ಮರುಕಳಿಸುತ್ತಿದ್ದರೆ, ಅಥವಾ ಮಲಗಲೇ ಹೆದರಿಕೆಯಾದರೆ, ಒಬ್ಬರೇ ಒದ್ದಾಡಬೇಡಿ, ಮನೋವೈದ್ಯರನ್ನು ಕಾಣಿ. ಹೊಸ ಮಾತ್ರೆ ಶುರುವಾದ ಮೇಲೆ ಜಾಸ್ತಿಯಾಗಿದ್ದರೆ ಅದನ್ನೂ ಹೇಳಿ, ಕೆಲವು ಬಿಪಿ ಮಾತ್ರೆಗಳಿಂದಲೂ ಕೆಟ್ಟ ಕನಸು ಬೀಳುತ್ತದೆ.

ಕೊನೆಯ ಸಲ ಬಿದ್ದಾಗ, ಅದರ ಹಿಂದಿನ ದಿನ ಏನಾಗಿತ್ತು, ನೆನಪಿದೆಯಾ?