ನಿಧಾನಕ್ಕೆ ನಡೆಯುವವರು ಮೊದಲು ಹೊರಡಬೇಕು

ಸಂಪಾದಕರ ಉತ್ತರ

(ಬಾಂಗ್ಲಾದೇಶದ ಚಂಡಮಾರುತ ಸಿದ್ಧತೆಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ನಿವೃತ್ತ ಸಿವಿಲ್ ಎಂಜಿನಿಯರ್ ಒಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: “ನೀರು ನುಗ್ಗಿ ಬರುವಾಗ ಹೆಚ್ಚು ಜನರನ್ನು ಬೇಗ ಸಾಗಿಸುವುದೊಂದೇ ಕೆಲಸ. ಮೊದಲು ಬಹುಪಾಲು ಜನ, ಆಮೇಲೆ ಉಳಿದವರು. ಹೆಂಗಸರು, ಮುದುಕರು, ವಿಕಲಚೇತನರು ಎಂದು ಬೇರೆ ಬೇರೆ ಪಟ್ಟಿ ಮಾಡುತ್ತ ಕೂರಲು ಬಡ ದೇಶಕ್ಕೆ ಸಮಯವೂ ಇಲ್ಲ, ಹಣವೂ ಇಲ್ಲ. ಹದಿನೈದು ಅಡಿ ಎತ್ತರದ ಆಶ್ರಯ ಕೇಂದ್ರಕ್ಕೆ ಗಾಲಿಕುರ್ಚಿ ಹತ್ತಬೇಕಾದರೆ ರ‍್ಯಾಂಪ್ ಎಷ್ಟು ಉದ್ದ ಇರಬೇಕೆಂದು ಲೇಖಕರಿಗೆ ಗೊತ್ತೇ? ಎಲ್ಲರನ್ನೂ ಒಳಗೊಳ್ಳುವುದು ಎಂಬುದು ವರದಿ ಬರೆಯುವವರ ಮಾತು. ಪಟ್ಟಿ ಬೇಕೇ ಬೇಕೆಂದರೆ ಅದನ್ನು ಯಾರು ಮಾಡಬೇಕು, ಹೇಗೆ ಮಾಡಬೇಕು, ಅದನ್ನಾದರೂ ಹೇಳಿ.”)

ಮಾನ್ಯರೇ,

ನಿಮ್ಮ ರ‍್ಯಾಂಪ್ ಲೆಕ್ಕಕ್ಕೆ ಆಮೇಲೆ ಬರುತ್ತೇನೆ, ಅದರಲ್ಲಿ ಹುರುಳಿದೆ. ಹೆಚ್ಚು ಜನರನ್ನು ಬೇಗ ಸಾಗಿಸಬೇಕು ಎಂಬ ನಿಮ್ಮ ಮಾತನ್ನು ನಾನೂ ಪೂರ್ತಿ ಒಪ್ಪುತ್ತೇನೆ. ಆದರೆ ಇಷ್ಟು ವರ್ಷ ಸಾಗದೆ ಉಳಿದವರು ಯಾರು ಎಂದು ನೋಡದೆ ಆ ಕೆಲಸ ಆಗುವುದಿಲ್ಲ.

1970ರ ನವೆಂಬರ್ 12ರ ರಾತ್ರಿ ಭೋಲಾ ಚಂಡಮಾರುತದಲ್ಲಿ ಕಡಿಮೆ ಎಂದರೂ ಮೂರು ಲಕ್ಷ ಜನ ಸತ್ತರು. ಇಂದಿನ ಬಾಂಗ್ಲಾದೇಶ ಆಗ ಪೂರ್ವ ಪಾಕಿಸ್ತಾನ. ಸ್ವತಂತ್ರ ಬಾಂಗ್ಲಾದೇಶದಲ್ಲಿ 1972ರಲ್ಲಿ ರೆಡ್ ಕ್ರಾಸ್ ಚಂಡಮಾರುತ ಸಿದ್ಧತಾ ಕಾರ್ಯಕ್ರಮ ಶುರು ಮಾಡಿತು, ಮರುವರ್ಷ ಸರ್ಕಾರವೂ ಕೈಜೋಡಿಸಿತು. ರೇಡಿಯೊ, ಮೆಗಾಫೋನ್, ಕೈಯಲ್ಲಿ ತಿರುಗಿಸುವ ಸೈರನ್ ಹಿಡಿದು ಊರಿನವರೇ ಸ್ವಯಂಸೇವಕರಾದರು. ಅದಾಗಿ ಸುಮಾರು ಇಪ್ಪತ್ತು ವರ್ಷಕ್ಕೆ, 1991ರ ಏಪ್ರಿಲ್ 29ರ ರಾತ್ರಿ, ಚಿತ್ತಗಾಂಗ್ ಕರಾವಳಿಗೆ ಇನ್ನೊಂದು ಚಂಡಮಾರುತ ಅಪ್ಪಳಿಸಿತು. ಈ ಸಲ ಮುನ್ನೆಚ್ಚರಿಕೆ ಇತ್ತು. ಆದರೂ ಸುಮಾರು 1,38,000 ಜನ ಸತ್ತರು. 20ರಿಂದ 44 ವರ್ಷದವರ ಲೆಕ್ಕ ತೆಗೆದಾಗ ಗಂಡಸರಲ್ಲಿ ಸಾವಿರಕ್ಕೆ 15 ಸಾವು, ಹೆಂಗಸರಲ್ಲಿ ಸಾವಿರಕ್ಕೆ 71.

ಊರು ಒಂದೇ, ನೀರು ಒಂದೇ. ವ್ಯತ್ಯಾಸ ಎಲ್ಲಿಂದ ಬಂತು? ಸಂತೆಯಲ್ಲಿ, ಚಹಾ ಅಂಗಡಿಯಲ್ಲಿ ಗಂಡಸರು ಕೇಳಿದ ಸುದ್ದಿ ಮನೆಯೊಳಗಿನ ಹೆಂಗಸಿಗೆ ತಡವಾಗಿ ತಲುಪಿತು. ಗಂಡ ಬರುವ ಮುನ್ನ ಹೊರಡಬಹುದೋ ಬೇಡವೋ ಎಂದು ಆಕೆ ಕಾದಳು. ಪರಗಂಡಸರ ಜೊತೆ ಒಂದೇ ಕೋಣೆಯಲ್ಲಿ ರಾತ್ರಿ ಕಳೆಯಲು ಹಿಂಜರಿದಳು. ಕೊನೆಗೆ ಹೊರಟಾಗ ಕಂಕುಳಲ್ಲೊಂದು ಮಗು, ಕೈಯಲ್ಲೊಂದು ಮಗು, ಒದ್ದೆಯಾಗಿ ಕಾಲಿಗೆ ಸುತ್ತಿಕೊಳ್ಳುವ ಸೀರೆ. ಈಜು ಕಲಿಸಿದವರು ಯಾರೂ ಇರಲಿಲ್ಲ. ಆಕೆ ಸತ್ತಿದ್ದು ಚಂಡಮಾರುತದಿಂದ ಎಂದು ಬರೆದುಬಿಟ್ಟರೆ ಅರ್ಧ ಕಾರಣ ಬಿಟ್ಟುಹೋಗುತ್ತದೆ.

ಇವತ್ತು ಅದೇ ಕಾರ್ಯಕ್ರಮದಲ್ಲಿ 76,000ದಷ್ಟು ಸ್ವಯಂಸೇವಕರಿದ್ದಾರೆ, ಅವರಲ್ಲಿ ಅರ್ಧ ಹೆಂಗಸರು. ಅಂಗಳ ದಾಟಿ ಒಳಮನೆವರೆಗೂ ಹೋಗಿ “ಏಳಮ್ಮಾ, ಹೊರಡು” ಅನ್ನಬಲ್ಲವರು ಅವರೇ. 2020ರ ಮೇನಲ್ಲಿ ಅಂಫಾನ್ ಚಂಡಮಾರುತ ಬಂದಾಗ ಕೊರೊನಾ ಕಾಲದಲ್ಲೂ ಬಾಂಗ್ಲಾದೇಶ 20 ಲಕ್ಷಕ್ಕೂ ಹೆಚ್ಚು ಜನರನ್ನು ಸಾಗಿಸಿತು. ಆ ದೇಶದಲ್ಲಿ ಸತ್ತವರ ಸಂಖ್ಯೆ ನೂರು ಮುಟ್ಟಲಿಲ್ಲ. ಉಪಗ್ರಹ, ಒಡ್ಡು, ಕಟ್ಟಡ ಎಲ್ಲವೂ ಇದಕ್ಕೆ ಕಾರಣ, ನಿಜ. ಆದರೆ ಆ ಬಾಗಿಲು ಬಡಿದ ಹೆಂಗಸನ್ನು ಲೆಕ್ಕದಿಂದ ತೆಗೆಯಬೇಡಿ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ತಪ್ಪೆನಿಸಿದ್ದು ‘ಮೊದಲು ಬಹುಪಾಲು ಜನ, ಆಮೇಲೆ ಉಳಿದವರು’ ಎಂಬ ಸಾಲು. ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಹಾಸಿಗೆ ಹಿಡಿದ ಅತ್ತೆ, ಬಸುರಿ ಸೊಸೆ, ಮಗ, ಮೂರು ಮಕ್ಕಳು. ಅತ್ತೆಯನ್ನು ಎತ್ತಿಕೊಂಡು ಕೆಸರಿನಲ್ಲಿ ಒಂದೂವರೆ ಮೈಲಿ ನಡೆಯಲಾಗದು, ಬಿಟ್ಟು ಹೋಗಲು ಮನಸ್ಸು ಬಾರದು. ಪಟ್ಟಿಯಲ್ಲಿ ಒಬ್ಬರ ಹೆಸರಿದ್ದರೂ ಆ ಮನೆಯಲ್ಲಿ ಉಳಿದುಬಿಡುವವರು ಆರು ಜನ. ನೀವು ಹೇಳುವ ಬಹುಪಾಲು ಜನರಲ್ಲೇ ಎಷ್ಟೋ ಮಂದಿ ಹೀಗೆ ಒಬ್ಬರ ಕಾಲಿಗೆ ಕಟ್ಟುಬಿದ್ದು ನಿಂತಿರುತ್ತಾರೆ. 2013ರಲ್ಲಿ ವಿಶ್ವಸಂಸ್ಥೆಯ ವಿಪತ್ತು ಅಪಾಯ ತಗ್ಗಿಸುವ ಕಚೇರಿ 137 ದೇಶಗಳ ವಿಕಲಚೇತನರನ್ನು ಕೇಳಿತ್ತು. ದಿಢೀರನೆ ಹೊರಡಬೇಕಾದರೆ ತೊಂದರೆಯಿಲ್ಲದೆ ಹೊರಡಬಲ್ಲೆ ಎಂದವರು ನೂರಕ್ಕೆ 20 ಮಾತ್ರ.

ಮುನ್ನೆಚ್ಚರಿಕೆಯದೂ ಇದೇ ಕಥೆ. ಬಾಂಗ್ಲಾದೇಶದ ಚಂಡಮಾರುತ ಸಂಕೇತಗಳ ಸಂಖ್ಯೆಗಳು ಬ್ರಿಟಿಷರ ಕಾಲದಲ್ಲಿ ಬಂದರಿನ ಹಡಗುಗಳಿಗಾಗಿ ಹುಟ್ಟಿದವು. ಅಲ್ಲಿ 8, 9, 10 ಮೂರೂ ಒಂದೇ ಮಟ್ಟದ ಮಹಾ ಅಪಾಯ. ಗಾಳಿ ಬಂದರಿನ ಯಾವ ಮಗ್ಗುಲಿಂದ ಹಾದುಹೋಗುತ್ತದೆ, ಇಲ್ಲವೇ ನೇರ ಅದರ ಮೇಲೇ ಹಾಯುತ್ತದೆಯೇ ಎನ್ನುವುದರಲ್ಲಷ್ಟೇ ವ್ಯತ್ಯಾಸ. ಹಳ್ಳಿಯಲ್ಲಿ ಕೂತು 8 ಎಂದು ಕೇಳಿದವನು ಇನ್ನೂ 10 ಆಗಿಲ್ಲವಲ್ಲ ಎಂದು ಕಾದರೆ ತಪ್ಪು ಅವನದಲ್ಲ. ಇನ್ನು ಬಾವುಟ. ಕೆಂಪು ಬಟ್ಟೆ, ನಡುವೆ ಕಪ್ಪು ಚೌಕ. ಅಪಾಯ ಏರಿದಂತೆ ಒಂದು, ಎರಡು, ಮೂರು ಹಾರಿಸುತ್ತಾರೆ. ಕಿವಿ ಕೇಳದವರಿಗೆ ಇದು ದೊಡ್ಡ ಆಸರೆ, ಆದರೆ ಬೆಳಕಿರುವ ತನಕ ಮಾತ್ರ. ಭೋಲಾ ಬಂದದ್ದು ರಾತ್ರಿ, 1991ರದೂ ರಾತ್ರಿ. ಕಿವುಡರೊಬ್ಬರು ಮೊದಲೇ ಊರಿನ ಸಮಿತಿಯಲ್ಲಿ ಕೂತಿದ್ದರೆ “ಕತ್ತಲಾದ ಮೇಲೆ ನನಗೆ ಯಾರು ಹೇಳುತ್ತೀರಿ?” ಎಂದು ಕೇಳುತ್ತಿದ್ದರು. ಟಾರ್ಚ್ ಹಿಡಿದು ಆ ಮನೆಗೆ ಹೋಗುವವರ ಹೆಸರು ಅಲ್ಲೇ ಗೊತ್ತಾಗುತ್ತಿತ್ತು. ಇದಕ್ಕೆ ಎಷ್ಟು ಹಣ ಬೇಕು ಹೇಳಿ.

ಈಗ ರ‍್ಯಾಂಪ್. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಎಂಬ ನಿಯಮದಂತೆ ನಿಮ್ಮ ಹದಿನೈದು ಅಡಿಗೆ 180 ಅಡಿ. ನಡುನಡುವೆ ನಿಲ್ಲುವ ಸಮತಟ್ಟು ಜಾಗ ಸೇರಿದರೆ ಇನ್ನೂ ಹೆಚ್ಚು. ಉಬ್ಬರದ ನೀರು ಕೆಳಗೇ ಹರಿದುಹೋಗಲೆಂದು ಕಂಬಗಳ ಮೇಲೆ ನಿಲ್ಲಿಸಿದ ಕಟ್ಟಡ ಅದು, ತಗ್ಗಿಸುವಂತಿಲ್ಲ. ಮೊದಲ ನಕ್ಷೆಯಲ್ಲೇ ಸೇರಿಸಿದರೆ ಮಡಚಿ ಮಡಚಿ ಕಟ್ಟಬಹುದು. ಕಟ್ಟಿ ಮುಗಿದ ಮೇಲೆ ಒಡೆದು ಸೇರಿಸುವುದೇ ದುಬಾರಿ ಎನ್ನುವುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಮೇಲೆ ಹತ್ತಿದ ಮೇಲೆ ಶೌಚಾಲಯದ ಬಾಗಿಲು ಗಾಲಿಕುರ್ಚಿಗೆ ಕಿರಿದಾದರೆ ಆ 180 ಅಡಿಯೂ ದಂಡ. ಅದಕ್ಕೇ ನನ್ನ ಒತ್ತಾಯ ಬರೀ ಕಟ್ಟಡದ ಮೇಲಿಲ್ಲ, ಗಡಿಯಾರದ ಮೇಲೂ ಇದೆ. ಗಟ್ಟಿಕಾಲಿನವರು ಕೊನೆಯ ಎರಡು ಗಂಟೆಯಲ್ಲೂ ಓಡಿಯಾರು. ಹಾಸಿಗೆ ಹಿಡಿದವರು, ತುಂಬು ಬಸುರಿಯರು, ಕಣ್ಣು ಕಾಣದವರು ಹಿಂದಿನ ದಿನವೇ, ರಸ್ತೆ ಒಣಗಿರುವಾಗಲೇ, ರಿಕ್ಷಾ ವ್ಯಾನಿನಲ್ಲಿ (ಹಲಗೆ ಜೋಡಿಸಿದ ಸೈಕಲ್ ಗಾಡಿ) ಹೊರಡಬೇಕು. ಯಾರ ವ್ಯಾನು, ತಳ್ಳುವವರು ಯಾರು, ಯಾವ ಮನೆಗೆ ಮೊದಲು, ಇವು ಗಾಳಿ ಏಳುವ ತಿಂಗಳುಗಳ ಮೊದಲೇ ತೀರ್ಮಾನವಾಗುವ ಮಾತುಗಳು.

ಇದು ಕಾಗದದ ಕನಸೂ ಅಲ್ಲ. ಉತ್ತರದ ಗೈಬಾಂಧಾ ಜಿಲ್ಲೆಯಲ್ಲಿ ಪ್ರವಾಹದ ಕಾಟ. ನದಿಯ ನಡುವಿನ ಮರಳುದಿಣ್ಣೆಗಳ ಮೇಲೆ ಜನ ಬದುಕುತ್ತಾರೆ, ‘ಚರ್’ ಎನ್ನುತ್ತಾರೆ ಅದಕ್ಕೆ. ಅಲ್ಲಿ ವಿಕಲಚೇತನರೇ ಗುಂಪು ಕಟ್ಟಿಕೊಂಡು ಸ್ಥಳೀಯ ವಿಪತ್ತು ಸಮಿತಿಗಳಲ್ಲಿ ಕೂತರು. ಮನೆಯ ಅಡಿಪಾಯ ಎತ್ತರಿಸಿಕೊಂಡರು, ಕೈಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಹಾಕಿಸಿದರು. 2015ರ ಮಾರ್ಚಿನಲ್ಲಿ ವಿಪತ್ತಿನ ಅಪಾಯ ತಗ್ಗಿಸಲು ವಿಶ್ವಸಂಸ್ಥೆಯ ದೇಶಗಳ ನಡುವೆ ಜಪಾನಿನಲ್ಲಿ ಸೆಂಡೈ ಒಪ್ಪಂದ ಆಯಿತಲ್ಲ, ಯೋಜನೆ ರೂಪಿಸುವಾಗ ವಿಕಲಚೇತನರೂ ಅವರ ಸಂಘಟನೆಗಳೂ ಇರಲೇಬೇಕೆಂದು ಅದು ಹೇಳುತ್ತದೆ. ಅದೇ ವರ್ಷ ಡಿಸೆಂಬರಿನಲ್ಲಿ ವಿಕಲಚೇತನರು ಮತ್ತು ವಿಪತ್ತು ನಿರ್ವಹಣೆಯ ಕುರಿತ ಢಾಕಾ ಘೋಷಣೆಯೂ ಬಂತು.

ದನಕರುಗಳ ವಿಷಯ ನೀವು ಎತ್ತಿಲ್ಲ, ಆದರೂ ಹೇಳುತ್ತೇನೆ. ಒಂದೇ ಹಸು ಇರುವ ಮನೆ ಅದನ್ನು ನೀರಿಗೆ ಬಿಟ್ಟು ಹೋಗುವುದಿಲ್ಲ. ಬಾಂಗ್ಲಾದೇಶದವರು ‘ಮುಜಿಬ್ ಕಿಲ್ಲಾ’ ಎಂಬ ಎತ್ತರದ ಮಣ್ಣಿನ ದಿಬ್ಬಗಳನ್ನು ಕಟ್ಟಿದ್ದು ಅದಕ್ಕೇ. ಕಾಕ್ಸ್ ಬಜಾರಿನ ಗುಡ್ಡಗಳ ಮೇಲೆ ಬಿದಿರು, ಟಾರ್ಪಾಲಿನ ಗುಡಿಸಿಲಲ್ಲಿರುವ ರೋಹಿಂಗ್ಯಾ ನಿರಾಶ್ರಿತರ ಪಾಡು ಇನ್ನೂ ಕಠಿಣ. ಶಿಬಿರ ಬಿಟ್ಟು ಹೊರಗೆ ಹೋಗಲು ಅವರಿಗೆ ಅಪ್ಪಣೆಯಿಲ್ಲ. ಅವರಲ್ಲೇ ಸ್ವಯಂಸೇವಕರನ್ನು ತರಬೇತು ಮಾಡಿದ್ದು ಒಳ್ಳೆಯ ಕೆಲಸ, ಆದರೆ ಗಟ್ಟಿ ಸೂರಿಲ್ಲದೆ ಎಚ್ಚರಿಕೆ ಒಂದೇ ಎಷ್ಟು ಕಾಪಾಡೀತು ಎಂಬ ಚಿಂತೆ ನನ್ನನ್ನು ಬಿಟ್ಟಿಲ್ಲ.

ಕೊನೆಗೆ ನಿಮ್ಮ ಪಟ್ಟಿಯ ಪ್ರಶ್ನೆ. “ಮನೆಯಲ್ಲಿ ಅಂಗವಿಕಲರಿದ್ದಾರಾ?” ಎಂದು ಬಾಗಿಲಲ್ಲಿ ನಿಂತು ಕೇಳಿದರೆ ನಾಚಿಕೆಯಿಂದಲೋ ಮದುವೆಗಿರುವ ಮಗಳ ಚಿಂತೆಯಿಂದಲೋ ಇಲ್ಲ ಎನ್ನುತ್ತಾರೆ. ಪೊರೆ ಬಂದ ಅಜ್ಜಿಯನ್ನು ಅವರು ಹಾಗೆಂದು ಎಣಿಸುವುದೂ ಇಲ್ಲ. ಅದರ ಬದಲು, ವಿಕಲಚೇತನರ ಎಣಿಕೆಗೆಂದು ವಿಶ್ವಸಂಸ್ಥೆಯಡಿ ರೂಪುಗೊಂಡ ವಾಷಿಂಗ್ಟನ್ ಗುಂಪಿನ ಆರು ಪ್ರಶ್ನೆಗಳಿವೆ: ಕನ್ನಡಕ ಹಾಕಿದರೂ ಕಾಣಲು ಕಷ್ಟವೇ, ಕೇಳಲು ಕಷ್ಟವೇ, ನಡೆಯಲು ಅಥವಾ ಮೆಟ್ಟಿಲು ಹತ್ತಲು ಕಷ್ಟವೇ, ನೆನಪಿಟ್ಟುಕೊಳ್ಳಲು, ಸ್ನಾನ ಮಾಡಿ ಬಟ್ಟೆ ಹಾಕಿಕೊಳ್ಳಲು, ಹೇಳಿದ್ದು ತಿಳಿಯಲು ಅಥವಾ ತಿಳಿಸಲು ಕಷ್ಟವೇ? ಹೀಗೆ ಕೇಳಿದರೆ ಅಜ್ಜಿಯೂ ಪಟ್ಟಿಗೆ ಬರುತ್ತಾಳೆ. ಕೇಳುವವರು ಅದೇ ಬೀದಿಯವರಾಗಿರಬೇಕು, ಪ್ರತಿ ವರ್ಷ ಗಾಳಿಕಾಲದ ಮುಂಚೆ ಮತ್ತೆ ಕೇಳಬೇಕು. ಹೋದ ವರ್ಷ ನಡೆಯುತ್ತಿದ್ದವರು ಈ ವರ್ಷ ನಡೆಯದಿರಬಹುದು.

ಆ 180 ಅಡಿಯನ್ನು ಕಂಬದ ಕಟ್ಟಡಕ್ಕೆ ಹೇಗೆ ಮಡಚಿ ಹೊಂದಿಸಬಹುದೆಂದು ನೀವೇ ಒಂದು ನಕ್ಷೆ ಬರೆದು ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ಒಂದು ಪುಟ ಅದಕ್ಕೆಂದೇ ತೆಗೆದಿಟ್ಟಿದ್ದೇನೆ.