ಧಾರಾವಾಹಿ ನೋಡಿದರೆ ಎಂ.ಎ. ಆಗುತ್ತದೆಯೇ?

ಧಾರವಾಡದ ಓದುಗರೊಬ್ಬರು ಬರೆದಿದ್ದಾರೆ: ‘ಮಗಳು ಫ್ರೆಂಚ್ ಎಂ.ಎ. ಮಾಡುತ್ತಿದ್ದಾಳೆ. ಒಂದು ಪೇಪರಿನ ತುಂಬ ರ‍್ಯಾಪ್ ಹಾಡು, ಧಾರಾವಾಹಿ, ರಾತ್ರಿ ಎಂಟರ ವಾರ್ತೆ. ಹ್ಯೂಗೋ, ಬಾಲ್ಜಾಕ್‌ರಂಥ ಸಾಹಿತಿಗಳನ್ನು ಬಿಟ್ಟು ಇದೂ ಒಂದು ಓದೇ?’

ಹ್ಯೂಗೋ ಬೇಕು, ಬಾಲ್ಜಾಕ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಾನ್ಯರೇ, ಇವತ್ತಿನ ಫ್ರಾನ್ಸ್ ಯಾವುದಕ್ಕೆ ಜಗಳವಾಡುತ್ತದೆ ಎಂದು ತಿಳಿಯಬೇಕಾದವರು ಅಲ್ಲಿನ ರೇಡಿಯೊ ಹಚ್ಚಲೇಬೇಕು. ಅಲ್ಲಿ ಹಾಡಿನ ಹಿಂದೆ ಕಾನೂನು ನಿಂತಿದೆ. 1994ರಲ್ಲಿ ಮಾಡಿ 1996ರ ಜನವರಿಯಿಂದ ಜಾರಿಗೆ ತಂದ ನಿಯಮದ ಪ್ರಕಾರ, ಹೆಚ್ಚು ಜನ ಕೇಳುವ ಹೊತ್ತಿನ ಹಾಡುಗಳಲ್ಲಿ ಶೇ. 40 ಫ್ರೆಂಚಿನವೇ ಇರಬೇಕು; ಅದರಲ್ಲಿ ಅರ್ಧ ಹೊಸಬರವು ಅಥವಾ ಹೊಸ ಹಾಡುಗಳು. (ಮುಂದೆ ಕೆಲವು ಬಗೆಯ ಕೇಂದ್ರಗಳಿಗೆ ಸಡಿಲಿಕೆ ಸಿಕ್ಕಿತು.) ಈ ಪಾಲು ತುಂಬುವಾಗ ನಗರಗಳ ಹೊರವಲಯದ ವಲಸಿಗರ ಮಕ್ಕಳ ರ‍್ಯಾಪ್‌ಗೂ ಜಾಗ ಸಿಕ್ಕಿತು. ಭಾಷೆ ಕಾಯಲೆಂದು ಬಂದ ಕಾನೂನು ಭಾಷೆಯನ್ನು ತಿರುಗಿಸಿ ಆಡುವವರನ್ನೂ ಮನೆಯೊಳಗೆ ಕರೆತಂದಿತು. ಅವರ ‘ವೆರ್ಲಾನ್’ ನಮ್ಮ ಮಕ್ಕಳ ‘ಕ’ ಭಾಷೆಯಂಥದೇ ಗುಟ್ಟಿನ ಮಾತು; ನಮ್ಮವರು ‘ಕ’ ಸೇರಿಸುತ್ತಾರೆ, ಅವರದು ಅಕ್ಷರ ಹಿಂದುಮುಂದು ಮಾಡುವ ಆಟ. ‘ಅರಾಬ್’ ತಿರುಗಿ ‘ಬೆರ್’ ಆಯಿತು. ಅದು ಪತ್ರಿಕೆಯವರ ಬಾಯಿಗೂ ಬಂದ ಮೇಲೆ ಮತ್ತೊಮ್ಮೆ ತಿರುಗಿಸಿ ‘ರೆಬೆ’ ಮಾಡಿಕೊಂಡರು. ಒಂದು ಪದದ ಈ ಎರಡು ಪಲ್ಟಿಯಲ್ಲಿ ಸಮಾಜಶಾಸ್ತ್ರದ ಅಧ್ಯಾಯವೇ ಅಡಗಿದೆ.

ಮಾಲಿಯ ಬಮಾಕೊದಲ್ಲಿ ಹುಟ್ಟಿದ ಫ್ರೆಂಚ್ ಗಾಯಕಿ ಆಯಾ ನಾಕಾಮುರಾ ಪ್ಯಾರಿಸ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಹಾಡಕೂಡದೆಂದು ಬಲಪಂಥೀಯರು ಗದ್ದಲವೆಬ್ಬಿಸಿದ್ದರು. 2024ರ ಜುಲೈ 26ರ ಸಂಜೆ ಆಕೆ ಹಾಡಿದ್ದು ಭಾಷೆಯ ಕಾವಲಿಗೆಂದೇ ಇರುವ ಫ್ರೆಂಚ್ ಅಕಾಡೆಮಿ ಕೂರುವ ಕಟ್ಟಡದೆದುರೇ, ಸರ್ಕಾರಿ ಸೇನಾ ವಾದ್ಯವೃಂದದ ಜೊತೆ. ಇದನ್ನು ಬಿಟ್ಟು ಯಾವ ಫ್ರಾನ್ಸ್ ಓದುವುದು?

ಸುಮ್ಮನೆ ನೋಡುತ್ತ ಕೂತರೆ ಓದಾಗದು, ನಿಮ್ಮ ಆತಂಕ ಅಷ್ಟರ ಮಟ್ಟಿಗೆ ಸರಿ. ಮಗಳಿಗೆ ಮೂರು ನಿಮಿಷದ ತುಣುಕು ಸಾಕು. ಮೊದಲ ಸಲ ಸಬ್‌ಟೈಟಲ್ ಇಲ್ಲದೆ, ಎರಡನೆಯ ಸಲ ಫ್ರೆಂಚ್ ಸಬ್‌ಟೈಟಲ್ ಹಾಕಿ, ಮೂರನೆಯ ಸಲ ನಿಲ್ಲಿಸಿ ನಿಲ್ಲಿಸಿ ಕಿವಿಗೆ ಬಿದ್ದದ್ದನ್ನೇ ಬರೆಯಲಿ. ಪುಸ್ತಕದ ‘ಜ ನ ಸೆ ಪಾ’ (ನನಗೆ ಗೊತ್ತಿಲ್ಲ) ಬಾಯಲ್ಲಿ ‘ಶೆ ಪಾ’ ಆಗಿರುತ್ತದೆ. ಸಬ್‌ಟೈಟಲ್ ಎಷ್ಟೋ ಸಲ ಮಾತನ್ನು ಚೊಕ್ಕಮಾಡಿಬಿಡುವುದರಿಂದ ಮೂರನೆಯ ಸುತ್ತು ತಪ್ಪಿಸುವಂತಿಲ್ಲ. ಇಂಗ್ಲಿಷ್ ಸಬ್‌ಟೈಟಲ್ ಬೇಡವೇ ಬೇಡ. ‘ವು’ ಎನ್ನುತ್ತಿದ್ದವನು ಥಟ್ಟನೆ ‘ತ್ಯು’ ಎಂದರೆ ಅಲ್ಲಿ ಸಲಿಗೆಯೋ ಅವಮಾನವೋ ನಡೆದಿದೆ. ಇಂಗ್ಲಿಷಿನಲ್ಲಿ ಎರಡೂ ‘ಯು’. ನೀವು, ನೀನು ಎಂದು ಬೆಳೆದ ಹುಡುಗಿಗೆ ಅದು ಕೂಡಲೇ ತಟ್ಟುತ್ತದೆ.

ವಿದ್ಯಾರ್ಥಿಗಳು ಎಡವುವ ಇನ್ನೊಂದು ಜಾಗ ತಾರೀಕು. ಹೊರವಲಯದ ಹುಡುಗರ ಕಥೆಯ 1995ರ ‘ಲಾ ಏನ್’ ಸಿನಿಮಾ ತೋರಿಸಿ ಅಂಥ ಹೊರವಲಯಗಳಲ್ಲೇ ಎದ್ದ 2005ರ ಗಲಭೆಯನ್ನು ವಿವರಿಸಲು ಹೋಗುತ್ತಾರೆ. ಗಲಭೆಗೆ ಆ ದಿನಗಳ ಪತ್ರಿಕೆ, ವಾರ್ತೆಗಳೇ ಬೇಕು. ಅಲ್ಲೂ ಎಚ್ಚರ: ‘ಲೆ ಮೋಂಡ್’ ಪತ್ರಿಕೆ ಪ್ಯಾರಿಸ್‌ನಲ್ಲಿ ಮಧ್ಯಾಹ್ನ ಬರುತ್ತದೆ, ಮೇಲೆ ಮರುದಿನದ ತಾರೀಕು. ನವೆಂಬರ್ 9ರ ಸಂಚಿಕೆಯನ್ನು 8ರ ರಾತ್ರಿಯ ವಾರ್ತೆಯ ಪಕ್ಕ ಇಡಬೇಕು.

ಹಳೆಯ ವಾರ್ತೆ ಅಲ್ಲಿ ಸಿಗುತ್ತದೆ, ಏಕೆಂದರೆ 1992ರ ಕಾಯ್ದೆ ಟಿವಿ, ರೇಡಿಯೊ ಕಾರ್ಯಕ್ರಮಗಳನ್ನೂ ಪುಸ್ತಕದಂತೆ ಕಾಪಿಡಲು ಹೇಳಿತು. ಸಂಶೋಧಕರು ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಕೂತು ನೋಡಬಹುದು. ಗ್ರಂಥಾಲಯಗಳಿಗೆ ಪ್ರತಿ ಕೊಡಬೇಕೆನ್ನುವ ನಮ್ಮ 1954ರ ಕಾಯ್ದೆ ಪುಸ್ತಕ, ಪತ್ರಿಕೆಗಳಿಗೇ ನಿಂತಿತು. ಮೂವತ್ತು ವರ್ಷದ ಹಿಂದಿನ ಕನ್ನಡ ಧಾರಾವಾಹಿಯ ಮೇಲೆ ಪ್ರಬಂಧ ಬರೆಯಹೊರಟ ಹುಡುಗ ಯಾವ ಗ್ರಂಥಾಲಯದ ಬಾಗಿಲು ತಟ್ಟಬೇಕು, ಹೇಳಿ?