ಸಣ್ಣ ಕ್ಯಾಂಪಿಂಗ್ ಟ್ರೇಲರಿನ ಒಳಗೋಡೆ ಬೆವರುತ್ತದೆ, ಹಾಸಿಗೆಯಡಿ ಬೂಷ್ಟು ಹಿಡಿಯುತ್ತದೆ: ಯಾವ ಡಿಹ್ಯುಮಿಡಿಫೈಯರ್ (ಗಾಳಿಯ ತೇವ ತೆಗೆಯುವ ಯಂತ್ರ) ಕೊಳ್ಳಲಿ?

ಯಾವುದನ್ನೂ ಕೊಳ್ಳಬೇಡಿ. ಮಳೆಗಾಲಕ್ಕೆ ಮುಂಚೆ ಸಂದುಗೊಂದುಗಳನ್ನೆಲ್ಲ ಸಿಲಿಕಾನಿನಿಂದ ಮುಚ್ಚಿಬಿಡುವ ಯೋಚನೆಯಿದೆ ಎಂದೂ ಬರೆದಿದ್ದೀರಿ; ಅದನ್ನಂತೂ ಈಗಲೇ ಕೈಬಿಡಿ. ಆ ಎರಡನೆಯ ಕೆಲಸವನ್ನು ನಾನು ಮಾಡಿ ಮುಗಿಸಿದ್ದೇನೆ. ಅದಕ್ಕೆ ತೆತ್ತದ್ದು ಒಂದು ಹೊಸ ಹಾಸಿಗೆ ಮತ್ತು ಟ್ರೇಲರಿನ ಇಡೀ ನೆಲ.

ನಮ್ಮದು ತೀರ್ಥಹಳ್ಳಿಯ ಕಡೆ. ಟ್ರೇಲರ್ ನಿಮ್ಮದರಂತೆಯೇ ಇಬ್ಬರು ಮಲಗುವಷ್ಟು ಮಾತ್ರ: ಪ್ಲೈವುಡ್ಡಿನ ಪೆಟ್ಟಿಗೆ, ಮೇಲೆ ಅಲ್ಯೂಮಿನಿಯಂ ತಗಡು, ಹಿಂಭಾಗದಲ್ಲಿ ಪುಟ್ಟ ಅಡುಗೆಕಟ್ಟೆ. ಪುಷ್ಯ ಮಾಸದ ಚಳಿಯಲ್ಲಿ ಶರಾವತಿ ಹಿನ್ನೀರಿನ ಬಳಿ ಪರಿಚಿತರ ಜಮೀನಿನಲ್ಲಿ ಅದನ್ನು ನಿಲ್ಲಿಸಿಕೊಂಡು ಮಲಗಿದ್ದೆವು. ಬೆಳಗ್ಗೆ ಎದ್ದಾಗ ಛಾವಣಿಯ ಒಳಮೈಯಲ್ಲಿ ಹನಿಗಳು ಸಾಲುಗಟ್ಟಿದ್ದವು, ದಿಂಬು ಒದ್ದೆಯಾಗಿತ್ತು, ಪ್ರತಿಯೊಂದು ಸ್ಕ್ರೂವಿನ ತಲೆಯ ಮೇಲೂ ಒಂದು ತೊಟ್ಟು ನೀರು ನಿಂತಿತ್ತು. ಮಲೆನಾಡಿನಲ್ಲಿ ಹುಟ್ಟಿ ಬೆಳೆದವರಿಗೆ ಮಾಡಿನಿಂದ ನೀರು ತೊಟ್ಟಿಕ್ಕಿದರೆ ಎಲ್ಲೋ ಹೆಂಚು ಒಡೆದಿದೆ ಎಂಬ ಒಂದೇ ಅರ್ಥ ಹೊಳೆಯುತ್ತದೆ. ನನಗೂ ಅದೇ ಹೊಳೆಯಿತು. ಹಿಂದಿನ ರಾತ್ರಿ ಮಳೆಯೇ ಬಂದಿರಲಿಲ್ಲ ಎಂಬುದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಇಬ್ಬನಿ ಒಳಗೆ ಇಳಿದಿದೆ ಎಂದು ಸಮಾಧಾನ ಹೇಳಿಕೊಂಡೆ. ಊರಿಗೆ ಬಂದವನೇ ಸೀಲೆಂಟ್ ತಂದು ತಗಡಿನ ಜೋಡಣೆ, ಕಿಟಕಿಯ ಅಂಚು, ಬಾಗಿಲ ಸಂದು ಎಲ್ಲಕ್ಕೂ ಹಚ್ಚಿದೆ. ಕೊನೆಗೆ ಕೆಳಗಿದ್ದ ಜಾಲರಿ ಕಿಂಡಿಯನ್ನೂ, ಛಾವಣಿಯ ಗಾಳಿಕಿಂಡಿಯನ್ನೂ ಮುಚ್ಚಿದೆ. ಮುಂದಿನ ಸಲ ಮಲಗಿದಾಗ ನೀರು ಮೊದಲಿಗಿಂತ ಹೆಚ್ಚಾಗಿತ್ತು. ಆಗಲಾದರೂ ಅರ್ಥವಾಗಬೇಕಿತ್ತು. ಅದರ ಬದಲು ಎಲ್ಲೋ ಒಂದು ಸಂದು ಉಳಿದುಹೋಗಿದೆ ಎಂದು ಹುಡುಕಿದೆ.

ಆ ನೀರು ಹೊರಗಿನದಾಗಿರಲಿಲ್ಲ, ನಮ್ಮದೇ ಆಗಿತ್ತು. ಲೆಕ್ಕವನ್ನು ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ಇದು ತಿಳಿದರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ. 20 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 17 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. 15 ಡಿಗ್ರಿಗೆ ಇಳಿದರೆ ಅದು 13 ಗ್ರಾಮಿಗೂ ಕಡಿಮೆ. ನಮ್ಮಂಥ ಟ್ರೇಲರಿನ ಒಳಗಿರುವುದು 3 ಘನ ಮೀಟರಿನಷ್ಟು ಗಾಳಿ. ಅಂದರೆ ಇಡೀ ಪೆಟ್ಟಿಗೆಯ ಗಾಳಿ ಮೂಳೆ ಒಣಗಿದಷ್ಟು ಒಣಗಿದ್ದರೂ ಅದು 50 ಗ್ರಾಂ ಚಿಲ್ಲರೆ ನೀರನ್ನು ಮಾತ್ರ ಹೊತ್ತೀತು, ಮತ್ತು ಮಲೆನಾಡಿನ ರಾತ್ರಿಯಲ್ಲಿ ಅದರ ಬಹುಪಾಲು ಮೊದಲೇ ತುಂಬಿರುತ್ತದೆ. ಮಲಗಿರುವ ಒಬ್ಬ ಮನುಷ್ಯ ಉಸಿರು ಮತ್ತು ಚರ್ಮದ ಮೂಲಕ ಗಂಟೆಗೆ ಸುಮಾರು 40 ಗ್ರಾಂ ತೇವವನ್ನು ಹೊರಬಿಡುತ್ತಾನೆ, ಇಬ್ಬರಾದರೆ 80. ಬಾಗಿಲು ಹಾಕಿಕೊಂಡು ಮಾತಾಡುತ್ತ ನಿದ್ದೆ ಹತ್ತುವ ಹೊತ್ತಿಗಾಗಲೇ ಒಳಗಿನ ಗಾಳಿ ತುಂಬಿ ತುಳುಕುತ್ತಿರುತ್ತದೆ. ಅಲ್ಲಿಂದ ಬೆಳಗಿನವರೆಗೆ ಬಿಟ್ಟ ಅರ್ಧ ಲೀಟರಿಗೂ ಮೀರಿದ ನೀರು ಎಲ್ಲಿ ತಂಪಾದ ಮೈ ಸಿಕ್ಕಿತೋ ಅಲ್ಲಿ ಕೂರುತ್ತದೆ: ತಗಡು, ಕಿಟಕಿಯ ಗಾಜು, ಸ್ಕ್ರೂ, ಹಾಸಿಗೆಯ ಅಡಿಭಾಗ. ಕಿಂಡಿಗಳನ್ನು ಮುಚ್ಚಿದ ನಾನು ಆ ನೀರಿಗೆ ಇದ್ದ ಒಂದೇ ದಾರಿಯನ್ನು ಕೈಯಾರೆ ಮುಚ್ಚಿದ್ದೆ. ಒಳಗೆ ಗ್ಯಾಸಿನ ಮೇಲೆ ಕಾಫಿ ಬೇರೆ ಕಾಯಿಸುತ್ತಿದ್ದೆವು. ಒಂದು ಕೆಜಿ ಅಡುಗೆ ಅನಿಲ ಉರಿದರೆ ಒಂದೂವರೆ ಕೆಜಿಗೂ ಹೆಚ್ಚು ನೀರಾವಿ ಹುಟ್ಟುತ್ತದೆ ಎಂಬುದನ್ನು ನಾನು ಶಾಲೆಯಲ್ಲಿ ಓದಿದ ರಸಾಯನಶಾಸ್ತ್ರ ನೆನಪಿಸಬಹುದಿತ್ತು, ನೆನಪಿಸಲಿಲ್ಲ.

ನಿಜವಾದ ನಷ್ಟವಾದದ್ದು ಮಳೆಗಾಲದಲ್ಲಿ. ಆರಿದ್ರಾ ಮಳೆ ಹಿಡಿಯುವ ಮುಂಚೆ ಟ್ರೇಲರಿಗೆ ಟಾರ್ಪಾಲು ಹೊದಿಸಿ, ಗಾಳಿ ನುಗ್ಗದಂತೆ ಹಗ್ಗ ಬಿಗಿದು, ಕೊಟ್ಟಿಗೆಯ ಪಕ್ಕ ನಿಲ್ಲಿಸಿದೆ. ಹಾಸಿಗೆ, ಪರದೆ, ಎರಡು ಕಂಬಳಿ ಎಲ್ಲ ಒಳಗೇ ಇದ್ದವು. ಮಘಾ ಮಳೆ ಕಳೆದು ಬಿಸಿಲು ಬಿದ್ದಾಗ ಬಾಗಿಲು ತೆಗೆದರೆ ಮುಗ್ಗಲು ವಾಸನೆಗೆ ಹೆಜ್ಜೆ ಹಿಂದೆ ಹೋಯಿತು. ಹಾಸಿಗೆಯ ಅಡಿ ಕಪ್ಪಾಗಿತ್ತು, ಮಂಚದ ಪ್ಲೈವುಡ್ ಉಬ್ಬಿ ಪದರ ಬಿಟ್ಟಿತ್ತು, ನೆಲದ ಮೂಲೆಗೆ ಸ್ಕ್ರೂಡ್ರೈವರ್ ಒತ್ತಿದರೆ ಒಳಗಿಳಿಯಿತು. ಎಲ್ಲೋ ಒಂದು ಕಡೆಯಿಂದ ತುಸು ನೀರು ಒಳಬಂದಿತ್ತು, ನಿಜ. ಅಷ್ಟು ನೀರು ಗಾಳಿಯಾಡುವ ಟ್ರೇಲರಿನಲ್ಲಿ ಬಿಸಿಲು ಕಂಡ ದಿನ ಆರಿಹೋಗುತ್ತಿತ್ತು. ಎರಡೂ ಕಡೆ ಸೀಲೆಂಟ್ ಮೆತ್ತಿದ್ದ ಪ್ಲೈವುಡ್ಡಿನಿಂದ ಅದು ಹೊರಡಲಾಗದೆ ಮಳೆಗಾಲವಿಡೀ ಅಲ್ಲೇ ಉಳಿಯಿತು.

ಆದ್ದರಿಂದ ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ನೋಡಿಕೊಳ್ಳಿ. ಒಳಗೋಡೆಯನ್ನು ಒರೆಸಿ ಒಣಗಿಸಿ, ಒಂದು ಚೌಕ ಪಾಲಿಥೀನ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ಅಂಟಿಸಿ ರಾತ್ರಿ ಮಲಗಿ. ಬೆಳಗ್ಗೆ ಹಾಳೆಯ ಮೇಲ್ಮೈ, ಅಂದರೆ ನಿಮ್ಮ ಕಡೆಯ ಮೈ ಒದ್ದೆಯಾಗಿದ್ದರೆ ಅದು ನಿಮ್ಮ ಉಸಿರು. ಹಾಳೆಯ ಹಿಂದೆ ಗೋಡೆಯ ಕಡೆ ತೇವ ಕಂಡರೆ ಸೋರಿಕೆಯನ್ನು ಹುಡುಕಿ. ಇದಕ್ಕಿಂತ ಸರಳ ಪರೀಕ್ಷೆ ಇನ್ನೊಂದು, ಯಾರೂ ಮಲಗದ ಮಳೆಯ ರಾತ್ರಿಯ ಮಾರನೆಯ ಬೆಳಗ್ಗೆ ಒಳಗೆ ಕೈಯಾಡಿಸಿ ನೋಡುವುದು.

ಉಸಿರಿನದೇ ಎಂದಾದರೆ ಕೆಳಗೊಂದು, ಮೇಲೊಂದು ಕಿಂಡಿ ರಾತ್ರಿಯಿಡೀ ತೆರೆದಿರಬೇಕು. ಚಳಿಗೂ ತೆರೆದಿರಬೇಕು, ಚಳಿಯಾದರೆ ಇನ್ನೊಂದು ಕಂಬಳಿ ಹೊದೆಯಿರಿ. ಮೇಲಿನ ಕಿಂಡಿಗೆ ಕಂಪ್ಯೂಟರಿನ 12 ವೋಲ್ಟಿನ ಸಣ್ಣ ಫ್ಯಾನ್ ಒಂದನ್ನು ಗಾಳಿ ಹೊರಹಾಕುವಂತೆ ಕೂರಿಸಿದರೆ ಸಾಕು, ಅದು ಎರಡು ಮೂರು ವ್ಯಾಟಿಗಿಂತ ಹೆಚ್ಚು ಕೇಳುವುದಿಲ್ಲ. ಗಂಟೆಗೆ 30 ಘನ ಮೀಟರ್ ಗಾಳಿ ಹೊರಹೋಗುತ್ತಿದ್ದು, ಒಳಗಿನ ಗಾಳಿ ಹೊರಗಿನದಕ್ಕಿಂತ ಘನ ಮೀಟರಿಗೆ 3 ಗ್ರಾಂ ಮಾತ್ರ ಹೆಚ್ಚು ತೇವ ಹೊತ್ತಿದ್ದರೂ 90 ಗ್ರಾಂ ಆಚೆ ಹೋಗುತ್ತದೆ. ನೀವಿಬ್ಬರೂ ಸೇರಿ ಬಿಡುವುದು 80. ಇದೇ ಕೆಲಸವನ್ನು ಡಿಹ್ಯುಮಿಡಿಫೈಯರಿನಿಂದ ಮಾಡಿಸಬೇಕಾದರೆ ಕಿಂಡಿ ಮುಚ್ಚಬೇಕು, 3 ಘನ ಮೀಟರಿನಲ್ಲಿ ಇಬ್ಬರು ಉಸಿರಾಡಬೇಕು, ಕಾಡಿನ ನಡುವೆ ಅದಕ್ಕೆ ಕರೆಂಟು ಹುಡುಕಬೇಕು. ಕಿಂಡಿ ತೆರೆದು ಓಡಿಸಿದರೋ, ಆಗುಂಬೆಯನ್ನೇ ಒಣಗಿಸಲು ಹೊರಟಂತೆ. ಬೀರುವಿನಲ್ಲಿಡುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿಗಳು ವಾರಗಟ್ಟಲೆ ಕುಳಿತು ಹೀರುವ ನೀರನ್ನು ನೀವು ಒಂದೇ ರಾತ್ರಿ ಬಿಡುತ್ತೀರಿ, ಮತ್ತು ಆ ಉಪ್ಪುನೀರು ಚೆಲ್ಲಿದರೆ ಅಲ್ಯೂಮಿನಿಯಂ ತಿನ್ನುತ್ತದೆ. ಒಳಗೆ ಕೆಂಡದ ಅಗ್ಗಿಷ್ಟಿಕೆ ಇಡುವ ಯೋಚನೆ ಯಾರಾದರೂ ಕೊಟ್ಟರೆ ಕಿವಿಗೊಡಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಅದು ಮಲಗಿದವರನ್ನು ಎಬ್ಬಿಸುವುದಿಲ್ಲ.

ಹಾಸಿಗೆಯನ್ನು ಪ್ಲೈವುಡ್ಡಿನ ಮೇಲೆ ನೇರವಾಗಿ ಹಾಕಬೇಡಿ. ಮೈಯ ಬಿಸಿಗೆ ಕೆಳಗಿಳಿದ ತೇವ ತಣ್ಣನೆಯ ಹಲಗೆಗೆ ತಾಗಿ ಅಲ್ಲೇ ನೀರಾಗುತ್ತದೆ. ಹೊಸ ಮಂಚಕ್ಕೆ ನಾನು ಅಡಿಕೆ ದಬ್ಬೆಗಳನ್ನು ಬೆರಳಗಲ ಬಿಟ್ಟು ಜೋಡಿಸಿದ್ದೇನೆ. ಪೇಟೆಯಲ್ಲಿ ಸಿಗುವ ಯಾವ ಜಾಲರಿಗಿಂತಲೂ ಅದು ಮೇಲು, ತೋಟವಿದ್ದವರಿಗೆ ಪುಕ್ಕಟೆ. ತಗಡಿನ ಒಳಮೈಗೆ ನೈಟ್ರೈಲ್ ರಬ್ಬರ್ ಫೋಮಿನಂಥ ಮುಚ್ಚಿದ ಗುಳ್ಳೆಗಳ ಹಾಳೆಯನ್ನು ಸಂಪೂರ್ಣವಾಗಿ ಅಂಟಿಸಿ. ನಿರಭ್ರ ರಾತ್ರಿಯಲ್ಲಿ ಛಾವಣಿ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ, ಆಗ ಕಿಂಡಿಯೊಂದರಿಂದಲೇ ಸಾಲದು. ಹಾಳೆಯನ್ನು ಸಡಿಲವಾಗಿ ತೂಗುಹಾಕಿದರೆ ಅದರ ಹಿಂದೆ ನಿಮಗೆ ಕಾಣದ ಹಾಗೆ ಬೂಷ್ಟು ಬೆಳೆಯುತ್ತದೆ. ಅಡುಗೆ ಹೊರಗೆ, ಒದ್ದೆ ರೇನ್‌ಕೋಟು, ಬೂಟು ಹೊರಗೆ.

ಈಗಾಗಲೇ ಹಿಡಿದಿರುವ ಬೂಷ್ಟನ್ನು ಒಣಗಿದ್ದಾಗ ಬ್ರಷ್ಷಿನಿಂದ ಉಜ್ಜಬೇಡಿ, ಬೀಜಾಣುಗಳು ಎಲ್ಲೆಡೆ ಹಾರುತ್ತವೆ. ಮಾಸ್ಕ್ ಹಾಕಿಕೊಂಡು ಸೋಪಿನ ನೀರಿನ ಬಟ್ಟೆಯಿಂದ ಒರೆಸಿ, ಬಿಸಿಲಿಗೆ ತೆರೆದಿಡಿ. ಸ್ಪಂಜಿನ ಒಳಗೆ ಇಳಿದಿದ್ದರೆ ಹಾಸಿಗೆ ಎಸೆಯಿರಿ. ಬ್ಲೀಚಿಗೆ ವಿನೆಗರ್ ಬೆರೆಸಬೇಡಿ, ಕ್ಲೋರಿನ್ ಅನಿಲ ಹುಟ್ಟುತ್ತದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆದು ಉಳಿದ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನೇ ಒಳಗೆ ಸಿಂಪಡಿಸಿಬಿಡು ಎಂದು ನಮ್ಮೂರಿನ ಒಬ್ಬರು ನನಗೆ ಗಂಭೀರವಾಗಿಯೇ ಸಲಹೆ ಕೊಟ್ಟಿದ್ದರು. ಅಡಿಕೆಗೊನೆಗೆ ಅದು ಒಳ್ಳೆಯದು; ಮೈಲುತುತ್ತದ ತಾಮ್ರ ಅಲ್ಯೂಮಿನಿಯಮ್ಮಿಗೆ ಒಳ್ಳೆಯದಲ್ಲ.

ಮಳೆಗಾಲದಲ್ಲಿ ಟ್ರೇಲರನ್ನು ಖಾಲಿ ಮಾಡಿ. ಬಟ್ಟೆ, ಸ್ಪಂಜು, ಚರ್ಮ ಯಾವುದೂ ಒಳಗಿರಬಾರದು. ಅವುಗಳ ಜಾಗ ಒಲೆಯ ಮೇಲಿನ ಅಟ್ಟ. ಟಾರ್ಪಾಲು ಹೊದಿಸುವುದಕ್ಕಿಂತ ನಾಲ್ಕು ಕಂಬದ ಮೇಲೆ ತಗಡಿನದೋ ಸೋಗೆಯದೋ ಒಂದು ಮಾಡು ಹಾಕಿ, ಪಕ್ಕಗಳನ್ನು ಬಿಟ್ಟುಬಿಡಿ. ಕಿಂಡಿಗಳು ತೆರೆದಿರಲಿ. ಹೊರಗೆ 22 ಡಿಗ್ರಿಯಲ್ಲಿ ಶೇಕಡಾ 95ರಷ್ಟು ಆರ್ದ್ರತೆ ಇರುವಾಗ ಗಾಳಿಯಾಡುವುದರಿಂದ ಏನೂ ಒಣಗುವುದಿಲ್ಲ, ಆದರೆ ಒಳಗನ್ನು ಮೂರು ಡಿಗ್ರಿ ಬೆಚ್ಚಗಿಟ್ಟರೆ ಅದೇ ಗಾಳಿಯ ಆರ್ದ್ರತೆ 80ರ ಆಸುಪಾಸಿಗೆ ಇಳಿದು ಬೂಷ್ಟಿನ ವೇಗ ತಗ್ಗುತ್ತದೆ. ತಂತಿಯ ಪಂಜರದೊಳಗಿನ ಹಳೆಯ ಕಾಲದ ಬಲ್ಬು ಒಂದು ಇದಕ್ಕೆ ಸಾಕು. ಮರಕ್ಕೆ ತಾಗದಂತೆ ತೂಗುಹಾಕಿ, ಇಎಲ್‌ಸಿಬಿ (ಕರೆಂಟು ಸೋರಿದರೆ ತಾನಾಗಿ ಲೈನು ಕಡಿಯುವ ಸ್ವಿಚ್ಚು) ಇರುವ ಲೈನಿನಿಂದಲೇ ಕರೆಂಟು ಕೊಡಿ. ಯಂತ್ರ ಕೊಂಡೇ ತೀರುತ್ತೀರಾದರೆ ಅದರ ಕಾಲ ಮಳೆ ಬಿಟ್ಟ ಮೇಲೆ: ಮನೆಯಂಗಳದಲ್ಲಿ, ಬಾಗಿಲು ಕಿಂಡಿ ಮುಚ್ಚಿ, ಯಾರೂ ಒಳಗಿಲ್ಲದಾಗ ನೆನೆದ ಮರವನ್ನು ಒಣಗಿಸುವುದಕ್ಕೆ. ಆಗ ಕಂಪ್ರೆಸರ್ ಇರುವುದನ್ನೇ ತನ್ನಿ, ಕಂಪ್ರೆಸರ್ ಇಲ್ಲದ ಅಂಗೈಯಗಲದ ಪೆಲ್ಟಿಯರ್ ಡಬ್ಬಿಗಳಿಂದ ಏನೂ ಆಗದು.

ಸಿಲಿಕಾನ್ ಈಗಾಗಲೇ ಹಚ್ಚಿದ್ದೀರೋ ಇಲ್ಲವೋ ನಿಮ್ಮ ಪ್ರಶ್ನೆಯಿಂದ ಸ್ಪಷ್ಟವಾಗಲಿಲ್ಲ. ಹಚ್ಚಿದ್ದರೆ ಛಾವಣಿಯ ಜೋಡಣೆ ಮತ್ತು ಕಿಟಕಿಯ ಅಂಚಿಗೆ ಹೊರಗಿನಿಂದ ಹಚ್ಚಿದ್ದು ಹಾಗೆಯೇ ಇರಲಿ. ಒಳಮೈಯ ಪ್ಲೈವುಡ್ ಸಂದುಗಳಲ್ಲಿರುವುದನ್ನೂ ಗಾಳಿಕಿಂಡಿಗಳ ಮೇಲಿರುವುದನ್ನೂ ಬ್ಲೇಡಿನಿಂದ ಕತ್ತರಿಸಿ ತೆಗೆದು, ಕಿಂಡಿಗೆ ಸೊಳ್ಳೆ ಜಾಲರಿ ಮತ್ತು ಹೊರಗಿನಿಂದ ಮಳೆನೀರು ಜಾರುವಂತೆ ಒಂದು ತಗಡಿನ ಚಪ್ಪರ ಹಾಕಿಸಿ.